ಕಪಿಲೆಯ ಮೇಲಿನ ಹಳೆಯ ಸೇತುವೆ

ಹೆಗ್ಗಡದೇವನಕೋಟೆಯಿಂದ ಸರಗೂರು, ಹುಲ್ಲಹಳ್ಳಿಗಳ ಮಾರ್ಗವಾಗಿ ಶ್ರೀಕಂಠೇಶ್ವರನ ದರ್ಶನಕ್ಕೆ ಹೊರಟವರು ನಾವು ಏಳು ಮಂದಿ. ವಯನಾಡಿನಲ್ಲಿ ಹುಟ್ಟಿ, ಬೀಚನಹಳ್ಳಿಯ ಜಲಾಶಯದಲ್ಲಿ ತಂಗಿ ಬರುವ ಕಪಿಲೆಯೂ ನಮ್ಮಂತೆ ನಂಜನಗೂಡಿನ ಯಾತ್ರಿಕಳೇ. ದರ್ಶನ, ಪ್ರಸಾದಗಳು ಮುಗಿದ ಮೇಲೆ ನಮ್ಮೊಡನಿದ್ದ ಹಿರಿಯರು, "ಹಳೆಯ ಸೇತುವೆಯನ್ನು ನೋಡದೆ ಹಿಂತಿರುಗುವುದು ಬೇಡ" ಎಂದರು. ಅನೇಕ ಸಲ ಬಸ್ಸಿನ ಕಿಟಕಿಯಿಂದ ಕಂಡಿದ್ದೆವು, ನಿಂತು ನೋಡಿರಲಿಲ್ಲ.

ಇದನ್ನು ಕಟ್ಟಿಸಿದವರು ದಳವಾಯಿ ದೇವರಾಜಯ್ಯನವರು, 1735ರಲ್ಲಿ. ಆಗ ಮೈಸೂರಿನ ಗದ್ದುಗೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರೂ ಆಡಳಿತದ ಸೂತ್ರವು ಕಳಲೆಯ ದಳವಾಯಿಗಳ ಕೈಯಲ್ಲಿತ್ತು. ಆ ಕಳಲೆಯು ನಂಜನಗೂಡಿನ ನೆರೆಯ ಗ್ರಾಮವೇ. ಅಧಿಕಾರದ ವಿಷಯದಲ್ಲಿ ದಳವಾಯಿಗಳನ್ನು ಇತಿಹಾಸವು ಅಷ್ಟಾಗಿ ಹೊಗಳುವುದಿಲ್ಲ. ಸೇತುವೆಯ ಮಟ್ಟಿಗಾದರೂ ನಾವು ಕೃತಜ್ಞರಾಗಿರಬೇಕು. ಸುಮಾರು 225 ಮೀಟರ್ ಉದ್ದಕ್ಕೆ ಕಮಾನಿನ ಪಕ್ಕದಲ್ಲಿ ಕಮಾನು, ನೀರಿಗೆ ಬಾಗಿದಂತೆ ತಗ್ಗಾಗಿ ನಿಂತಿವೆ. ಹೇರೆತ್ತು, ಗಾಡಿ, ಕಾಲ್ನಡೆಯ ಯಾತ್ರಿಕರು, ಇಷ್ಟೇ ಅಂದಿನ ಹೊರೆ.

ಆಶ್ಚರ್ಯವಿರುವುದು ಮುಂದೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿತು; ಹಳಿಗಳನ್ನು ಈ ಸೇತುವೆಯ ಮೇಲೆಯೇ ಹಾಯಿಸಿದರು. ಎತ್ತಿನ ಗೊರಸಿಗೆಂದು ಕಟ್ಟಿದ್ದು, ನೂರೈವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಉಗಿಬಂಡಿಯನ್ನು ಹೊತ್ತಿತು. ನೂರು ವರ್ಷಕ್ಕೂ ಮೀರಿ ಹೊತ್ತಿತು. ಪಕ್ಕದಲ್ಲಿಯೇ ರಸ್ತೆ. "ರೈಲು ಬರುವ ಸದ್ದಾದರೆ ನಮ್ಮ ತಂದೆ ಗಾಡಿಯಿಂದಿಳಿದು ಎತ್ತುಗಳ ಮೂಗುದಾರ ಹಿಡಿದು ನಿಲ್ಲುತ್ತಿದ್ದರು. ದೊಡ್ಡ ಜಾತ್ರೆಯ ದಿನ ಬೋಗಿಯ ಬಾಗಿಲಲ್ಲೂ ಜನ. ಹೊಳೆಗೆ ಕಾಸು ಎಸೆಯುತ್ತಿದ್ದರು" ಎಂದು ಹಿರಿಯರು ನೆನೆದರು.

ಬ್ರಾಡ್‌ಗೇಜ್ ಮಾರ್ಗಕ್ಕೆ ಬೇರೆ ಸೇತುವೆಯಾದ ಮೇಲೆ ಇದಕ್ಕೆ ವಿಶ್ರಾಂತಿ ದೊರೆಯಿತು. ಭಾರತದ ಅತಿ ಹಳೆಯ ಸೇತುವೆಗಳಲ್ಲೊಂದೆಂದು ಪರಿಗಣಿಸಿ, ಕೆಡವದೆ ಪಾರಂಪರಿಕ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಸಂತೋಷವೇ. ಆದರೆ ಓಡಾಟವಿದ್ದಾಗ ದಿನವೂ ಹಳಿ ನೋಡುವವರಿದ್ದರು, ಬಿರುಕು ಕಂಡರೆ ಗಾರೆ ತುಂಬುವವರಿದ್ದರು. ಕೆಲಸದಿಂದ ಬಿಡುಗಡೆಯಾದ ಕಟ್ಟಡವನ್ನು ಅಷ್ಟು ಅಕ್ಕರೆಯಿಂದ ನೋಡುವವರು ಯಾರು? ಕಬಿನಿಯ ಪ್ರವಾಹಕ್ಕೆ ಜಗ್ಗದ ಕಲ್ಲನ್ನು ಒಂದು ಅರಳಿಸಸಿ ಸೀಳಬಲ್ಲದು.

ಅಂತಹ ಒಂದು ಸಸಿ ದಡದ ಕಮಾನಿನ ಸಂದಿಯಲ್ಲಿ ನಮ್ಮ ಕಣ್ಣಿಗೇ ಬಿತ್ತು. ಹಿರಿಯರು ಕೋಲನ್ನು ನಮ್ಮ ಕೈಗಿತ್ತು, ಬಗ್ಗಿ ಎಳೆದರು. ಕಾಂಡ ಮಾತ್ರ ಮುರಿದು ಬಂದಿತು, ಬೇರು ಒಳಗೇ ಉಳಿಯಿತು.