ನನ್ನ ತೂಗುಸೇತುವೆ

ಮಳೆಗಾಲದಲ್ಲಿ ನಮ್ಮ ತೋಡಿನ ಅಡಿಕೆಮರದ ಸಂಕ ಮುಳುಗಿದರೆ ನಾನೂ ತಂಗಿಯೂ ಶಾಲೆಗೆ ಬರುವುದಿಲ್ಲ. ಮರುದಿನ ಸರ್ ಕೇಳಿದಾಗ "ಜ್ವರ" ಅಂತ ಸುಳ್ಳು ಹೇಳಿದ್ದೂ ಉಂಟು. (ಸರ್, ಕ್ಷಮಿಸಿ.) ಹಾಗಾಗಿ ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನಾದರೂ ಮಾಡಿ ಅಂದಾಗ ನನಗೆ ತೂಗುಸೇತುವೆ ಬಿಟ್ಟು ಬೇರೆ ಎಂತದೂ ತೋಚಲಿಲ್ಲ.

ಗಣಿತ ನೋಟ್ಸಿನ ಕೊನೆಯ ಪುಟದಲ್ಲಿ ಚಿತ್ರ ಬಿಡಿಸಿದೆ. ಎರಡು ಎತ್ತರದ ಕಂಬ, ನಡುವೆ ಜೋತ ಹಗ್ಗ, ಕೆಳಗೆ ಹೊಳೆ, ಹೊಳೆಯಲ್ಲಿ ಮೀನು. ಮೀನು ಚೆನ್ನಾಗಿ ಬಂದಿತ್ತು.

ಅಂಗನವಾಡಿ ಟೀಚರ್ ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆ 62 ಎಣಿಸಿ ಕೊಟ್ಟರು. "ಅಂಟು ಹಾಕ್ಬಾರ್ದು ಆಯ್ತಾ? ಮಕ್ಕಳಿಗೆ ಹಾಗೇ ವಾಪಸ್ ಬೇಕು" ಅಂದರು.

ಚಿತ್ರದಲ್ಲಿದ್ದ ಹಾಗೆ ಒಂದರ ಮೇಲೊಂದು 20 ಇಟ್ಟಿಗೆ ಪೇರಿಸಿದೆ. ಫ್ಯಾನಿನ ಗಾಳಿಗೇ ಕಂಬ ಓಲಾಡಿತು. ಅಪ್ಪ ಕೆಂಪುಕಲ್ಲು ಕಟ್ಟುವ ಮೇಸ್ತ್ರಿ. ಊಟಕ್ಕೆ ಕೂತವರು ನೋಡಿ ನಕ್ಕರು. "ಎಂತದಾ ಇದು? ಒಂದು ಸಾಲು ಉದ್ದಕ್ಕೆ ಇಡು, ಮೇಲಿನದ್ದು ಅಡ್ಡಕ್ಕೆ ಇಡು. ಸಂದಿನ ಮೇಲೆ ಸಂದು ಬಂದ್ರೆ ಗೋಡೆ ನಿಲ್ತದಾ?" ಸಾಲಿಗೆ ಎರಡರಂತೆ 12 ಸಾಲು ಕಟ್ಟಿದೆ. ಕಂಬ ಗಿಡ್ಡ ಆಯಿತು, ಆದರೆ ಗಟ್ಟಿ ನಿಂತಿತು.

ಕಂಬದ ತಲೆಗೆ ಹುರಿ ಕಟ್ಟಿ, ಅಡಿಕೆ ಹಾಳೆಯ ತುಂಡುಗಳನ್ನು ನೂಲಿನಿಂದ ತೂಗುಹಾಕಿದೆ. ಮೇಲೆ ಹತ್ತು ಗೇರುಬೀಜ ಇಟ್ಟದ್ದೇ ತಡ, ಎರಡು ಕಂಬವೂ ಒಳಗೆ ವಾಲಿ ಹೊಳೆಗೆ ಬಿದ್ದವು! ಮೂರು ಸಲ ಕಟ್ಟಿದೆ, ಮೂರು ಸಲವೂ ಹಾಗೇ. ತಂಗಿಗೆ ಬಹಳ ಖುಷಿ. ನನಗೆ ಅಳು ಬಂತು. ಪ್ರದರ್ಶನಕ್ಕೆ ಆರೇ ದಿನ ಇತ್ತು.

ಆದಿತ್ಯವಾರ ಮಾವ ನನ್ನನ್ನು ಸುಳ್ಯದ ಹತ್ತಿರ ಅರಂಬೂರಿಗೆ ಕರೆದುಕೊಂಡು ಹೋದರು. ಪಯಸ್ವಿನಿ ಹೊಳೆಗೆ 1989ರಲ್ಲಿ ಸುಳ್ಯದವರೇ ಆದ ಗಿರೀಶ್ ಭಾರದ್ವಾಜರು ತೂಗುಸೇತುವೆ ಕಟ್ಟಿದ್ದು ಅಲ್ಲಿ. ಅದೇ ಅವರ ಮೊದಲನೆಯದು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ನಾನು ಮೊದಲು ಎರಡು ಸಲ ಆ ಸೇತುವೆಯಲ್ಲಿ ನಡೆದಿದ್ದೇನೆ, ಆದರೆ ನೋಡಿದ್ದು ಬರೀ ನೀರನ್ನು! ಈ ಸಲ ಕಂಬದ ಹಿಂದೆ ಹೋಗಿ ನಿಂತೆ. ಉಕ್ಕಿನ ಹಗ್ಗ ಕಂಬದಲ್ಲಿ ಮುಗಿಯುವುದೇ ಇಲ್ಲ ಮಾರಾಯ್ರೇ! ಕಂಬದ ತಲೆ ದಾಟಿ ಹಿಂದಕ್ಕೆ ಇಳಿದು, ದಡದ ಕಾಂಕ್ರೀಟಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಮುಂದಿನ ಎಳೆತಕ್ಕೆ ಹಿಂದಿನ ಎಳೆತ ಸಮ ಆದರೆ ಕಂಬದ ಮೇಲೆ ಕೆಳಗೆ ಒತ್ತುವ ಭಾರ ಮಾತ್ರ. ನನ್ನ ಚಿತ್ರದಲ್ಲಿ ಮೀನು ಇತ್ತು, ಕಂಬದ ಹಿಂಬದಿ ಇರಲಿಲ್ಲ.

ಮನೆಗೆ ಬಂದು ಚಿತ್ರವನ್ನು ಎರಡೂ ಕಡೆಗೆ ಉದ್ದ ಮಾಡಿದೆ. ಉಳಿದ 14 ಇಟ್ಟಿಗೆಯಲ್ಲಿ ಆಚೆ ಏಳು, ಈಚೆ ಏಳು ಇಟ್ಟು ಹುರಿಯ ತುದಿ ಕಟ್ಟಿದೆ. ಪ್ಲಾಸ್ಟಿಕ್ ಅಲ್ಲವಾ, ಜಾರಿಕೊಂಡು ಬಂತು. ಅಪ್ಪ ಕೆಂಪುಕಲ್ಲಿನ ಎರಡು ತುಂಡು ಕೆತ್ತಿ ಅದರ ಮೇಲೆ ಹೇರಿದರು. ಗೇರುಬೀಜ ಹತ್ತಲ್ಲ, ನನ್ನ ಕಂಪಾಸ್ ಪೆಟ್ಟಿಗೆ ಇಟ್ಟರೂ ಸೇತುವೆ ತೂಗಿತೇ ಹೊರತು ಬೀಳಲಿಲ್ಲ.

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಬಂದಿದ್ದ ಪಂಚಾಯತ್ ಸದಸ್ಯರ ಹತ್ತಿರ ತಂಗಿ "ನಮ್ಮ ತೋಡಿಗೆ ಇಂಥದ್ದು ಯಾವಾಗ?" ಅಂತ ಕೇಳಿಯೇ ಬಿಟ್ಟಳು. ಅವರು "ನೋಡುವ" ಅಂದರು.

ಮರುದಿನ ಎಲ್ಲಾ ಬಿಚ್ಚಿ ಎಣಿಸಿದರೆ 61! ಒಂದು ಕೆಂಪು ಇಟ್ಟಿಗೆ ಕಾಣುವುದಿಲ್ಲ. ಅಂಗನವಾಡಿ ಮಕ್ಕಳು ದಿನಾ ಕೇಳುತ್ತಿದ್ದಾರೆ. ಯಾರಿಗಾದರೂ ಸಿಕ್ಕಿದರೆ ದಯವಿಟ್ಟು ನನಗೆ ಕೊಡಿ.