ಬೆನ್ನಿನ ಮೇಲೊಂದು 'ಟಕ್' ಸದ್ದು

ಬೆನ್ನು ನೋವಿನ ಮಾತು ಬಾರದ ಮನೆ ನಮ್ಮಲ್ಲಿ ಎಲ್ಲಿದೆ ಹೇಳಿ? ಬಟ್ಟೆ ಒಗೆದು ಎದ್ದರೆ ಸೊಂಟ ಹಿಡಿಯುತ್ತದೆ. ತುಂಬಿದ ಕೊಡ ಎತ್ತಿದರೆ ಕತ್ತು ಉಳುಕುತ್ತದೆ. ಬಾಣಂತನ ಮುಗಿಯುವಷ್ಟರಲ್ಲಿ ನಡುವೇ ಮುರಿದಂತಾಗಿರುತ್ತದೆ. ದಿನವಿಡೀ ನಿಂತು ಪಾಠ ಮಾಡುವ ನನ್ನಂಥ ಶಿಕ್ಷಕಿಯರಿಗಂತೂ ಇದು ಮುಗಿಯದ ಕತೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನ ಸೊಂಟ ನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನೋವು ಇಷ್ಟು ವ್ಯಾಪಕವಾಗಿರುವಾಗ ಅದನ್ನು ನೀಗಿಸುವವರೂ ಎಲ್ಲೆಡೆ ಇರುತ್ತಾರೆ. ನಮ್ಮಲ್ಲಿ ಉಳುಕು ತೆಗೆಯುವವರು, ಮೂಳೆ ಕಟ್ಟುವವರು ಇದ್ದರೆ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕೈರೋಪ್ರಾಕ್ಟರ್‌ಗಳಿದ್ದಾರೆ.

ಈ ಹೆಸರು ನನ್ನ ಕಿವಿಗೆ ಬಿದ್ದದ್ದು ತಂಗಿಯಿಂದ. ಅವಳು ಮದುವೆಯಾಗಿ ಮೆಲ್ಬರ್ನ್‌ನಲ್ಲಿ ನೆಲೆಸಿದ್ದಾಳೆ. 2023ರ ಅಕ್ಟೋಬರ್ ಕೊನೆಯಲ್ಲಿ ಎರಡನೇ ಹೆರಿಗೆಯಾಯಿತು. ಎಣ್ಣೆ ನೀರು ಹಾಕುವವರಿಲ್ಲ, ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳುವವರಿಲ್ಲ. ಬೆನ್ನು ನೋವು ತಡೆಯಲಾಗದೆ ನೆರೆಮನೆಯವರು ಹೇಳಿದ ಕ್ಲಿನಿಕ್‌ಗೆ ಹೋದಳು.

"ಆಪಾ, ಕೈಯಲ್ಲಿ ಹಿಡಿಯುವಂಥ ಚಿಕ್ಕ ಉಪಕರಣ. ತುದಿಗೆ ರಬ್ಬರ್ ಇದೆ. ಬಟ್ಟೆಯ ಮೇಲಿನಿಂದಲೇ ಬೆನ್ನಿಗಿಟ್ಟು ಒತ್ತುತ್ತಾರೆ, 'ಟಕ್' ಅನ್ನುತ್ತದೆ, ಅಷ್ಟೇ. ಕತ್ತು ತಿರುಚುವುದಿಲ್ಲ, ಮೂಳೆ ಲಟಲಟ ಅನ್ನಿಸುವುದಿಲ್ಲ. ಮಾಡುವವರೂ ಹೆಂಗಸೇ" ಎಂದಳು. ನಾಲ್ಕು ಸಲ ಹೋಗಿ ಬಂದ ಮೇಲೆ ಮೈ ಹಗುರವಾಗಿದೆ ಎಂದೂ ಹೇಳಿದಳು. ಅವಳ ಧ್ವನಿಯಲ್ಲಿ ಗೆಲುವು ಕಂಡು ನಮಗೂ ನೆಮ್ಮದಿಯಾಯಿತು.

ಡಿಸೆಂಬರ್‌ನಲ್ಲಿ ಬಂದ ಫೋನು ಬೇರೆಯದೇ ಆಗಿತ್ತು. ಆರು ವಾರದ ಮಗು ಸಂಜೆಯಾದರೆ ಅಳಲು ಶುರು ಮಾಡಿ ನಡುರಾತ್ರಿಯವರೆಗೂ ನಿಲ್ಲಿಸುವುದಿಲ್ಲ. ಹಾಲು ಕುಡಿಸಿದರೂ ಅಳು, ಹೆಗಲಿಗೆ ಹಾಕಿಕೊಂಡರೂ ಅಳು. ಕ್ಲಿನಿಕ್‌ನಲ್ಲಿ ಈ ಚಿಕಿತ್ಸೆ ಇಡೀ ಕುಟುಂಬಕ್ಕೆ ಆಗುತ್ತದೆ, ಮಗುವನ್ನೂ ಕರೆತನ್ನಿ ಎಂದರಂತೆ. "ಮಾಡಿಸಲೇ ಆಪಾ? ನನಗೆ ನಿದ್ದೆಯಿಲ್ಲದೆ ಹುಚ್ಚು ಹಿಡಿದಂತಾಗಿದೆ" ಎಂದು ಅವಳೂ ಅತ್ತಳು.

ಪಕ್ಕದಲ್ಲಿದ್ದ ಅಮ್ಮಿ, "ಹಾಲುಗೂಸಿನ ಬೆನ್ನಿಗೆ ಯಂತ್ರ ಇಡುವುದಾ? ಬೇಡವೇ ಬೇಡ" ಎಂದರು. ಆದರೆ ನಮ್ಮ ಕೂಸುಗಳಿಗೆ ಎಣ್ಣೆ ತಿಕ್ಕುವಾಗ ಕಾಲು ಹಿಡಿದು ತಲೆಕೆಳಗು ಮಾಡುತ್ತಿದ್ದ ಅಜ್ಜಿಗೆ ಯಾರೂ ಬೇಡ ಎಂದಿರಲಿಲ್ಲ! ಪರಿಚಯವಿದ್ದದ್ದೆಲ್ಲ ಒಳ್ಳೆಯದು, ಹೊಸತೆಲ್ಲ ಕೆಟ್ಟದ್ದು ಎಂದರೆ ಅದು ಉತ್ತರವಾಗುವುದಿಲ್ಲ. ಎರಡು ದಿನ ಸಮಯ ಕೊಡು ಎಂದು ತಂಗಿಗೆ ಹೇಳಿ, ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮೂರಿನ ಮಕ್ಕಳ ವೈದ್ಯರನ್ನೂ ಕೇಳಿದೆ.

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ. ಡಿ.ಡಿ. ಪಾಮರ್ ಎಂಬವರು ಕಿವಿ ಮಂದವಾಗಿದ್ದ ಕೆಲಸಗಾರನೊಬ್ಬನ ಬೆನ್ನುಮೂಳೆಯನ್ನು ಒತ್ತಿ ಸರಿಪಡಿಸಿದಾಗ ಅವನಿಗೆ ಕೇಳತೊಡಗಿತೆಂದು ಹೇಳಿಕೊಂಡರು. ಹೆಚ್ಚಿನ ಕಾಯಿಲೆಗಳಿಗೆಲ್ಲ ಬೆನ್ನುಮೂಳೆ ಸ್ಥಾನ ತಪ್ಪುವುದೇ ಕಾರಣ ಎಂಬುದು ಅವರ ವಾದ. ವಿಜ್ಞಾನ ಅದನ್ನು ಒಪ್ಪಿಲ್ಲ. ಕೈರೋಪ್ರಾಕ್ಟಿಕ್ ಎಂಬ ಹೆಸರು 'ಕೈಯಿಂದ ಮಾಡುವುದು' ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದಿದೆ. 1960ರ ದಶಕದಲ್ಲಿ ವಾರನ್ ಲೀ ಮತ್ತು ಆರ್ಲನ್ ಫರ್ ಎಂಬಿಬ್ಬರು ಕೈಯ ಬದಲು ಸ್ಪ್ರಿಂಗ್ ಇರುವ ಉಪಕರಣವನ್ನು ತಂದರು. ಅದೇ 'ಆಕ್ಟಿವೇಟರ್'. ಸೆಕೆಂಡಿನ ಸಾವಿರದಲ್ಲಿ ಕೆಲವೇ ಅಂಶದಷ್ಟು ಹೊತ್ತಿನಲ್ಲಿ ಅದು ಒಂದು ಸಣ್ಣ ಬಡಿತ ಕೊಡುತ್ತದೆ. ಕೈಯ ಜೋರು ಒತ್ತಡಕ್ಕೆ ಹೆದರುವವರಿಗೆ ಈ ಮೃದುತನವೇ ಆಕರ್ಷಣೆ.

ಮೃದುವಾಗಿದೆ ನಿಜ, ಆದರೆ ಗುಣವಾಗುತ್ತದೆಯೇ? 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸೊಂಟ ನೋವಿದ್ದ 107 ವಯಸ್ಕರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಕೈಯ ಚಿಕಿತ್ಸೆ, ಒಂದಕ್ಕೆ ಉಪಕರಣ, ಒಂದಕ್ಕೆ ಮಾಮೂಲಿ ವೈದ್ಯಕೀಯ ಆರೈಕೆ. ನಾಲ್ಕು ವಾರಗಳ ನಂತರ ಕೈಯ ಚಿಕಿತ್ಸೆ ಪಡೆದವರು ಮುಂದಿದ್ದರು. ಉಪಕರಣದ ಗುಂಪಿಗೂ ಮಾಮೂಲಿ ಆರೈಕೆಯ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳಾಗುವಾಗ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ದೀರ್ಘಕಾಲದ ಸೊಂಟ ನೋವಿಗೆ ವ್ಯಾಯಾಮ, ಮಸಾಜ್‌ಗಳ ಜೊತೆ ಬೆನ್ನುಮೂಳೆಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿತು. ಅಂದರೆ ದೊಡ್ಡವರ ಬೆನ್ನು ನೋವಿಗೆ ಇದೂ ಒಂದು ದಾರಿ. ಪವಾಡವಲ್ಲ, ಮೋಸವೂ ಅಲ್ಲ.

ಕೂಸಿನ ಮಾತು ಬೇರೆ. ಮೆಲ್ಬರ್ನ್‌ನಲ್ಲೇ ಎರಡು ವಾರದ ಶಿಶುವೊಂದನ್ನು ತಲೆಕೆಳಗು ಹಿಡಿದು, ಇಂಥದೇ ಉಪಕರಣ ಬಳಸಿದ ವಿಡಿಯೋ 2019ರಲ್ಲಿ ಜನರ ಕಣ್ಣಿಗೆ ಬಿದ್ದು ದೊಡ್ಡ ಗದ್ದಲವಾಗಿತ್ತು. ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯು ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಚಿಕಿತ್ಸೆ ಕೂಡದೆಂದು ಸೂಚಿಸಿತು. ವಿಕ್ಟೋರಿಯಾ ರಾಜ್ಯ ಸರಕಾರ ಪರಿಶೀಲನೆ ನಡೆಸಿದಾಗ, ಮಕ್ಕಳಿಗೆ ಗಂಭೀರ ಹಾನಿಯಾದ ದಾಖಲೆಗಳು ತೀರಾ ಕಡಿಮೆ ಎಂದು ಕಂಡಿತು. ಆದರೆ ಅಳುವ ಶಿಶುಗಳಿಗೆ ಇದರಿಂದ ಪ್ರಯೋಜನವಿದೆ ಎನ್ನಲು ಗಟ್ಟಿಯಾದ ಆಧಾರವೂ ಸಿಗಲಿಲ್ಲ. 2023ರ ಕೊನೆಯಲ್ಲಿ ಮಂಡಳಿ ಆ ನಿರ್ಬಂಧವನ್ನು ಸಡಿಲಿಸಿತ್ತು. ತಂಗಿಯ ಮಗುವಿಗೆ ಬಾಗಿಲು ತೆರೆದದ್ದು ಹೀಗೆ. 2024ರ ಜೂನ್‌ನಲ್ಲಿ ಆರೋಗ್ಯ ಸಚಿವರುಗಳು ಆಕ್ಷೇಪಿಸಿದ ಮೇಲೆ ನಿರ್ಬಂಧ ಮರಳಿತು.

ನಮ್ಮ ಮಕ್ಕಳ ವೈದ್ಯರು ಹೇಳಿದ್ದು ಸರಳ ಮಾತು. ಆರೋಗ್ಯವಾಗಿರುವ ಕೂಸಿನ ಇಂಥ ಅಳು ಆರನೇ ವಾರದ ಸುಮಾರಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಆ ಸಮಯದಲ್ಲಿ ಯಾವ ಚಿಕಿತ್ಸೆ ಮಾಡಿಸಿದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ! ಆದರೆ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬಿಡುವುದು, ತೂಕ ಏರದಿರುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ತಂಗಿಗೆ ಇಷ್ಟನ್ನೂ ಹೇಳಿದೆ. ಕ್ಲಿನಿಕ್‌ಗೆ ಬೇಡ, ಮೊದಲು ವೈದ್ಯರಲ್ಲಿ ಹೋಗು ಎಂದೆ. ಅವರು ಪರೀಕ್ಷಿಸಿ ಮಗು ಚೆನ್ನಾಗಿದೆ ಎಂದರು. ಅಳು ಮರುದಿನವೇ ನಿಲ್ಲಲಿಲ್ಲ. ಅವಳ ಗಂಡ ಸಂಜೆ ಬೇಗ ಬಂದು ಎರಡು ತಾಸು ಮಗುವನ್ನು ಎತ್ತಿಕೊಳ್ಳತೊಡಗಿದರು, ಅವಳು ಆ ಹೊತ್ತು ನಿದ್ದೆ ಮಾಡಿದಳು. ನನ್ನ ದೃಷ್ಟಿಯಲ್ಲಿ ಆ ಮನೆಗೆ ಸಿಕ್ಕ ನಿಜವಾದ ಚಿಕಿತ್ಸೆ ಅದು. ಫೆಬ್ರವರಿ ಹೊತ್ತಿಗೆ ಮಗು ನಗಲು ಕಲಿತಿತ್ತು.

ಸಹೋದರಿಯರೇ, ನೋವಿನಲ್ಲಿರುವವರಿಗೆ ಯಾವ ಬಾಗಿಲಾದರೂ ಆಸೆಯ ಬಾಗಿಲೇ. ಅದನ್ನು ತಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಇದು ಯಾವ ಕಾಯಿಲೆಗೆ? ಎಷ್ಟು ಸಲ ಬರಬೇಕು? ಗುಣವಾಗದಿದ್ದರೆ ಮುಂದೇನು? ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಮೂಳೆ ಸವೆತವಿದ್ದರೆ ಯಾರ ಕೈಗೂ ಬೆನ್ನು ಒಪ್ಪಿಸದೆ ಮೊದಲು ವೈದ್ಯರನ್ನು ಕಾಣಿ. ಇನ್ನು ಬಾಣಂತಿಯ ಬೆನ್ನು ನೋವಿಗೆ ಮನೆಯವರೇ ಮಾಡಬಹುದಾದ ಒಂದು ಉಪಚಾರವಿದೆ. ಅವಳ ತೋಳಿನಿಂದ ಮಗುವನ್ನು ಒಂದಷ್ಟು ಹೊತ್ತು ನಾವು ಎತ್ತಿಕೊಳ್ಳುವುದು.