ಶ್ರಾವಣದಾಗ ಬಿಚ್ಚಿಟ್ಟ ಇಂಜಿನ್ನು

ಕಾಕಾನ ಅಂಬಾಸಿಡರ್ ಗಾಡಿಯ ಇಂಜಿನ್ನು ಬಿಚ್ಚಿದ್ದು ಯಾವ ವರ್ಷವೋ, ಈಗ ನೆನಪಿಗೆ ಬರೋದಿಲ್ಲ. ಶ್ರಾವಣ ಹಿಡಿದಿತ್ತು, ಅದು ಮಾತ್ರ ಖರೆ. ಜಿಟಿಜಿಟಿ ಮಳೆ ಹಗಲು ರಾತ್ರಿ ಹತ್ತಿಬಿಟ್ಟಿತ್ತು. ಚಚಡಿಯ ದೇಸಾಯರ ವಾಡೆ ದಾಟಿ ನಮ್ಮ ಮನೆಗೆ ಬರೋದರೊಳಗೆ ಎರಿಮಣ್ಣು ಮೆತ್ತಿ ಚಪ್ಪಲಿ ಎತ್ತಿಡಲಿಕ್ಕೇ ಆಗುತ್ತಿರಲಿಲ್ಲ. ಗಾಡಿ ಎಣ್ಣೆ ಕುಡಿಯುತ್ತಿತ್ತು, ಹಿಂದೆ ನೀಲಿ ಹೊಗೆ ಬಿಡುತ್ತಿತ್ತು. ಬೈಲಹೊಂಗಲದಿಂದ ಬಂದ ಮಿಸ್ತ್ರಿ ಬಾನೆಟ್ ಎತ್ತಿ, ಬಹಳ ಹೊತ್ತು ಕಿವಿಗೊಟ್ಟು ನಿಂತು, "ರಿಂಗ್ ಹೋಗ್ಯಾವ್ರಿ ಧಣ್ಯಾರ. ಬಿಚ್ಚಾಕ ಒಂದ ದಿನ ಸಾಕು. ಬಿಚ್ಚಿದ್ದನ್ನ ಇಡಾಕ ಜಾಗಾ ಎಲ್ಲೈತಿ, ಮೊದಲ ಅದನ್ನ ತೋರಸ್ರಿ" ಅಂದ.

ಕಾಕಾ ಅಟ್ಟದ ಕೆಳಗಿನ ಕೋಣೆ ತೋರಿಸಿದ. ಅಲ್ಲಿ ಹಿಂದಿನ ಸುಗ್ಗಿಯ ಹತ್ತಿ ಅಂಡಿಗೆ ಒಂದೆರಡು ಉಳಿದಿದ್ದವು. ಮಿಸ್ತ್ರಿ ಹೊಸ್ತಿಲಲ್ಲೇ ನಿಂತುಬಿಟ್ಟ. "ಹತ್ತಿ ಎಳಿ ಒಂದ ಎಣ್ಣಿ ದಾರ್ಯಾಗ ಸಿಕ್ಕರ ಬೇರಿಂಗ್ ಸುಟ್ಟ ಹೋಗತೈತ್ರಿ." ಬ್ಲಾಕಿನ ಹೊಟ್ಟೆಯಲ್ಲಿ, ಕ್ರ್ಯಾಂಕಿನ ಮೈಯೊಳಗೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಪಂಪು ಒತ್ತಿದ ಎಣ್ಣೆ ಆ ದಾರಿಯಿಂದಲೇ ಬೇರಿಂಗಿಗೆ ಮುಟ್ಟಬೇಕು. ಊರ ತುಂಬಾ ಹತ್ತಿ ಬೆಳೆಯುವ ನಮಗೆ ಆ ಮಾತು ಹೊಸದು. ಕಡೆಗೆ ಪಡಸಾಲೆಯ ಒಳಮೂಲೆ ಗೊತ್ತಾಯಿತು. ಒರೆಸಲಿಕ್ಕೂ ಆತ ಹತ್ತಿ ವೇಸ್ಟ್ ಮುಟ್ಟಲಿಲ್ಲ. ಮುತ್ಯಾನ ಹಳೇ ಧೋತರ, ಒಗೆದೊಗೆದು ಎಳೆ ಉದುರದಷ್ಟು ಸವೆದದ್ದು, ಅದೇ ಬೇಕು.

ಬ್ಲಾಕು ಬೋರಿಂಗಿಗೆ ಹುಬ್ಬಳ್ಳಿಗೆ ಹೋಯಿತು. ಪಿಸ್ಟನ್ ಬರುವುದು ತಡವಾಯಿತು. ಉಳಿದದ್ದೆಲ್ಲ ನಮ್ಮ ಮನೆಯಲ್ಲೇ ಬಿತ್ತು. ಬಿತ್ತು ಅನ್ನಬಾರದು, ಒಂದೊಂದಕ್ಕೂ ಒಂದು ಜಾಗ ಇತ್ತು. ಆ ಇಂಜಿನ್ನು 1489 ಸಿಸಿಯದು, ನಾಲ್ಕು ಸಿಲಿಂಡರು, ಎಂಟು ವಾಲ್ವು. ವಾಲ್ವು ತನ್ನ ಕುಳಿಯಲ್ಲೇ ಸವೆದು ಕೂತಿರುತ್ತದೆ, ಬೇರೆ ಕುಳಿಗೆ ಹಾಕಿದರೆ ಗಾಳಿ ಬಿಡುತ್ತದೆ. ಪುಶ್ ರಾಡುಗಳನ್ನು ರಟ್ಟಿನ ಡಬ್ಬಿಗೆ ತೂತು ಹಾಕಿ ಸಾಲಾಗಿ ಚುಚ್ಚಿ, ರೇಡಿಯೇಟರ್ ಕಡೆಯಿಂದ ನಂಬರು ಬರೆದ. ವಾಲ್ವಿನ ಸಣ್ಣ ಸಾಮಾನಿಗೆ ಆಯಿಯ ಪಡ್ಡಿನ ಹಂಚು ಬೇಡಿದ. ಹಂಚಿಗೆ ಏಳೇ ಗುಂಡಿ, ಎಂಟನೆಯದಕ್ಕೆ ವಾಟಗ ಬಂತು. ಮೇನ್ ಬೇರಿಂಗಿನ ಮೂರು ಕ್ಯಾಪಿಗೂ ಪಂಚಿನಿಂದ ಚುಕ್ಕೆ ಹೊಡೆದ. ಕ್ಯಾಪು ಕೂಡಿಸಿಯೇ ಕೊರೆದ ಗುಂಡಿ ಅದು. ಅದಲುಬದಲಾದರೆ ಕ್ರ್ಯಾಂಕು ಬಿಗಿಯುತ್ತದೆ. ಕ್ರ್ಯಾಂಕಿಗೆ ಎಣ್ಣೆ ಸವರಿ, ಧೋತರ ಸುತ್ತಿ, ನಿಲ್ಲಿಸಿ ಕಂಬಕ್ಕೆ ಹಗ್ಗ ಕಟ್ಟಿದ. "ಮಲಗಿಸಿದ್ರ ನಡಾ ಬಗ್ಗತೈತಿ" ಅಂದ. ಬಂದವರೆಲ್ಲ, ಕಂಬಕ್ಕ ಯಾರನ್ನ ಕಟ್ಟೀರಿ ಅಂತ ಕೇಳುವವರೇ.

ತೊಳೆಯೋದು ದಿನಾ ನಡೆಯುತ್ತಿತ್ತು. ಪರಾತದ ತುಂಬಾ ಚಿಮಣಿ ಎಣ್ಣೆ, ಹಳೇ ಹಲ್ಲಿನ ಬ್ರಶ್ಶು. ಕಬ್ಬಿಣದ ಹೆಡ್ಡನ್ನು ಮಾತ್ರ ಕಾಸ್ಟಿಕ್ ಸೋಡಾ ನೀರಲ್ಲಿ ಕುದಿಸಿದ. ಅಲ್ಯುಮಿನಿಯಂ ಸಾಮಾನನ್ನು ಅದರ ಹತ್ತಿರ ಬಿಡಲಿಲ್ಲ, ಸೋಡಾ ಅದನ್ನು ತಿಂದುಬಿಡುತ್ತದೆ.

ನಡುನಡುವೆ ಚಹಾ, ಶೇಂಗಾ ಉಂಡಿ. ಚಹಾ ಕುಡಿಯುವಾಗ ಅವನಿಗೆ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರ ನೆನಪು ಬರಲೇಬೇಕು. 1869ರಲ್ಲಿ ನಮ್ಮ ಸವದತ್ತಿ ಸೀಮೆಯಲ್ಲೇ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಕಬ್ಬಿಣದ ನೇಗಿಲು ಮಾಡಿದವರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಮೊದಮೊದಲು ಅದನ್ನು ಕೊಳ್ಳಲಿಲ್ಲವಂತೆ. 1910ರಲ್ಲಿ ಅವರು ಕಿರ್ಲೋಸ್ಕರವಾಡಿ ಕಟ್ಟಿದ್ದನ್ನು ಈತ ಸ್ವಂತ ಸೋದರಮಾವನ ಸಂಗತಿ ಹೇಳಿದ ಹಾಗೆ ಹೇಳುತ್ತಿದ್ದ. ಮಾತು ಎಲ್ಲಿಗೋ ಹೋಯಿತು.

ಬ್ಲಾಕು ತಿರುಗಿ ಬಂದ ದಿನ ಶ್ರಾವಣದ ಕಡೇ ಸೋಮವಾರ. ಅದಕ್ಕೆ ಬಿಸಿನೀರು, ಸಬಕಾರ. "ಇದಕ್ಕೂ ಜಳಕಾ?" ಅಂದಳು ಆಯಿ. ಬೋರಿಂಗಿನಲ್ಲಿ ಮೆತ್ತಿದ ಸಾಣೆಕಲ್ಲಿನ ಪುಡಿ ಚಿಮಣಿ ಎಣ್ಣೆಗೆ ಪೂರಾ ಬಿಡೋದಿಲ್ಲ, ನೊರೆಯೇ ಅದನ್ನು ಎತ್ತಬೇಕು. ತೊಳೆದ ಕೂಡಲೇ ಒರೆಸಿ ಎಣ್ಣೆ ಹಚ್ಚಿದ. ಆ ಮಳೆಗಾಳಿಗೆ ಬರಿ ಕಬ್ಬಿಣ ನೋಡನೋಡುತ್ತಲೇ ಕೆಂಪಾಗುತ್ತಿತ್ತು.

ಆಮೇಲೆ ಅಡಿಗೆಮನೆಯ ಬಾಗಿಲಿಗೆ ಬಂದು, "ಅವ್ವಾರ, ಒಂದ ಮುಟಗಿ ಕಣಕ ಕೊಡ್ರಿ" ಅಂದ. ಒಳಗೆ ಹೋಳಿಗೆಗೆ ಕಣಕ ನಾದಿಟ್ಟಿತ್ತು. ಅವ್ವ ಹಸಿವಾಗಿರಬೇಕು ಅಂತ ಹೂರಣದ ತಾಟು ಮುಂದೆ ಮಾಡಿದಳು. ಆತ ಕಣಕ ಮಾತ್ರ ತಗೊಂಡು, ಬೆರಳು ಹೋಗದ ಸಂದುಗೊಂದುಗಳಿಗೆ ಒತ್ತಿ ಒತ್ತಿ ತೆಗೆದ. ಬಿಳಿ ಕಣಕದ ಮೇಲೆ ಕರಿ ಹರಳು ಎದ್ದು ಬಂದವು. "ಜ್ವಾಳದ ಹಿಟ್ಟ ನಡಿಯಂಗಿಲ್ರಿ, ಅದಕ್ಕ ಜಿಗಿ ಇಲ್ಲ. ಗೋದೀದ ಬೇಕು." ದೊಡ್ಡ ವಿದ್ಯುತ್ ಕೇಂದ್ರಗಳಲ್ಲಿ ಟರ್ಬೈನಿನ ಎಣ್ಣೆ ಟಾಕಿಯ ಕಸವನ್ನೂ ಕಣಕದಿಂದಲೇ ತೆಗೆಯುತ್ತಾರೆ ಅಂತ ಮುಂದೆ ಎಷ್ಟೋ ವರ್ಷಕ್ಕೆ ತಿಳಿದಾಗ ನನಗೆ ಅವನ ಮೇಲೆ ಇನ್ನಷ್ಟು ಅಭಿಮಾನ ಬಂತು. ಕಣಕ ಹೊಸದು ಹೊಸದು ಬೇಡುತ್ತಲೇ ಹೋದ. ಹರಳು ಅಂಟದ ತನಕ ಪಾನಾ ಕೈಗೆತ್ತಿಕೊಳ್ಳಲಿಲ್ಲ. ಆ ದಿನ ಹೋಳಿಗೆ ಕಡಿಮೆ ಬಿದ್ದವು, ಹೂರಣ ಉಳಿಯಿತು. ಅದಕ್ಕೆ ಹಾಲು ತುಪ್ಪ ಹಾಕಿಕೊಂಡು ತಿಂದೆವು.

ಜೋಡಿಸೋದು ಬೇಗನೆ ಮುಗಿಯಿತು, ಏನೂ ಹುಡುಕುವುದಿರಲಿಲ್ಲ. ಕಾಕಾ ಗಾಡಿಯನ್ನು ಓಡಿಸದೆ ಸಾವಕಾಶ ನಡೆಸಿದ, ಸವದತ್ತಿ ಗುಡ್ಡಕ್ಕೆ, ಬೈಲಹೊಂಗಲದ ಸಂತೆಗೆ. ಸುಮಾರು 500 ಕಿಲೋಮೀಟರ್ ಆದ ಮೇಲೆ ಮಿಸ್ತ್ರಿ ಬಂದು ಎಣ್ಣೆ ಇಳಿಸಿ, ಸ್ವಲ್ಪ ಬಿಳಿ ತಾಟಿಗೆ ಸುರಿದು, ಬಿಸಿಲಿಗೆ ಓರೆ ಹಿಡಿದು ನೋಡಿದ. ಬೆರಳಿಗೆ ತಿಕ್ಕಿದ. ಹರಳು ತಾಗಲಿಲ್ಲ. "ಹೊಸ ಎಣ್ಣಿ ಹಾಕ್ರಿ" ಅಂತ ಹೇಳಿ ಕೈ ತೊಳೆಯಲಿಕ್ಕೆ ಎದ್ದ.